ಸಾವಂತ್ರಿಗೆ ಸಿಗದ ನೀರು

ಹಳ್ಳದ ದಂಡೆಯ ಮಠವೆಂದರೆ ನಾಲ್ಕು ತಗಡಿನ ಕೋಣೆ, ಒಂದು ಬೇವಿನ ಮರ, ಅಷ್ಟೇ. ಪೂಜ್ಯ ಚನ್ನಮಲ್ಲ ಅಜ್ಜನವರು ಅಂದು ಮರದ ಕೆಳಗೆ ಕುಳಿತು ದಾಸೋಹಕ್ಕೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಬಸಲಿಂಗವ್ವ ಬಂದವಳು ನಮಸ್ಕಾರವನ್ನೂ ಮಾಡಲಿಲ್ಲ.

ಅವಳ ಸಿಟ್ಟು ಸುಮ್ಮನೆ ಬಂದದ್ದಲ್ಲ. ವರ್ಷಗಳ ಹಿಂದೆ ಬಸ್ ನಿಲ್ದಾಣದಲ್ಲಿ ಬಾಂಬ್ ಇಟ್ಟು ಅವಳ ಮಗಳು ಸಾವಂತ್ರಿಯನ್ನೂ ಇನ್ನೂ ಹಲವರನ್ನೂ ಕೊಂದ ಮಲ್ಹಾರಿಗೆ ಭಯೋತ್ಪಾದನೆಯ ಅಪರಾಧಕ್ಕಾಗಿ ಜೀವಾವಧಿ ಶಿಕ್ಷೆಯಾಗಿತ್ತು. ಈಗ ಅವನಿಗೆ ಹೊಟ್ಟೆಯ ಕ್ಯಾನ್ಸರ್. ಸಾಯುವವನನ್ನು ಬಿಟ್ಟುಬಿಡಿ ಎಂದು ಸರ್ಕಾರವನ್ನು ಬೇಡಿಕೊಂಡವರು ಸ್ವತಃ ಅಜ್ಜನವರೇ. ಸರ್ಕಾರ ಬಿಟ್ಟಿತು, ಅವನ ಊರು ಮಾತ್ರ ಒಳಗೆ ಬಿಟ್ಟುಕೊಳ್ಳಲಿಲ್ಲ. ಅವನೀಗ ಮಠದ ಹಿಂದಿನ ಕೋಣೆಯಲ್ಲಿ ಮಲಗಿದ್ದ.

“ಅವಗ ಬಿಡುಗಡೆ ಕೊಡಿಸಿದ್ರಿ. ನನ್ನ ಮಗಳಿಗೆ ಯಾರು ಕೊಡಸ್ತಾರ್ರಿ ಅಜ್ಜಾರ?”

ಆಮೇಲೆ ವರ್ಷಗಟ್ಟಲೆ ಆಡಿದ್ದನ್ನೇ ಮತ್ತೆ ಆಡಿದಳು. ಸಾವಂತ್ರಿ ನೀರು ನೀರು ಎನ್ನುತ್ತ ಬಿದ್ದಿದ್ದಳಂತೆ. ಇನ್ನೊಂದು ಬಾಂಬ್ ಇದ್ದೀತೆಂದು ಜನ ನೀರಿನ ಬಾಟಲಿ ಹಿಡಿದುಕೊಂಡೇ ದೂರ ನಿಂತು ನೋಡಿದರಂತೆ. ಬಾಂಬಿಟ್ಟವನಿಗಿಂತ ಆ ನಿಂತವರಿಗೇ ಅವಳು ಹೆಚ್ಚು ಹಿಡಿಶಾಪ ಹಾಕುತ್ತಿದ್ದಳು.

ಅಜ್ಜನವರು ಕಣ್ಣು ತುಂಬಿಕೊಂಡು ಎಲ್ಲವನ್ನೂ ಕೇಳಿದರು. ಕೊನೆಗೆ ಅಪ್ಪಣೆ ಕೊಡಿಸಿದ್ದು ಇಷ್ಟೇ:

“ಅವನ್ನ ಕ್ಷಮಿಸು ಅಂತ ಹೇಳೂ ಹಕ್ಕು ನನಗಿಲ್ಲವ್ವಾ. ಆದ್ರ ಅವತ್ತು ದೂರ ನಿಂತ್ರಲ್ಲ, ಅವರ ಹಂಗ ನಿಲ್ಲಾಕ ನನ್ನ ಕಡೆ ಆಗಲಿಲ್ಲ.”

ಬಸಲಿಂಗವ್ವನಿಗೆ ಕೆನ್ನೆಗೆ ಹೊಡೆದಂತಾಯಿತು. ಸರ್ರನೆ ಹೊರಟಳು. ದಾರಿ ಹಿಂದಿನ ಕೋಣೆಯ ಮುಂದೆಯೇ ಹಾದುಹೋಗುತ್ತಿತ್ತು. ಒಳಗಿನಿಂದ ಕ್ಷೀಣ ದನಿ ನೀರು ಬೇಡುತ್ತಿತ್ತು. ಅವಳು ಬಾಗಿಲಲ್ಲಿ ನಿಂತಳು. ಬೇಡಲಿ, ಇನ್ನೂ ಬೇಡಲಿ ಎಂದುಕೊಂಡು ನೋಡುತ್ತಲೇ ನಿಂತಳು. ತಾನು ನಿಂತಿರುವುದು ಯಾರ ಹಾಗೆ ಎಂಬುದು ಹೊಳೆದಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಒಳಗೆ ಹೋಗಿ ಅವನ ಬಾಯಿಗೆ ಚಮಚದಲ್ಲಿ ನೀರು ಬಿಟ್ಟಳು. ನೀವು ಯಾರೆಂದು ಅವನು ಕೇಳಿದ.

“ಬಸ್ ಸ್ಟ್ಯಾಂಡಿನಾಗ ಸತ್ತ ಸಾವಂತ್ರಿಯ ಅವ್ವ.”

ಅವನ ತುಟಿ ಬಿಗಿಯಿತು. ಎರಡನೆಯ ಚಮಚದ ನೀರು ಗದ್ದಕ್ಕೆ ಹರಿಯಿತು.

“ನುಂಗು,” ಎಂದಳು. “ಆಕಿಗೆ ಸಿಗಲಿಲ್ಲ ಇದು.”

ಅವನು ನುಂಗಿದ. ಅದೇ ವಾರ ತೀರಿಕೊಂಡ, ಅಲ್ಲಿಯವರೆಗೆ ನೀರು ಕುಡಿಸಿದವಳು ಬಸಲಿಂಗವ್ವನೇ. ಅವನಿಗಾಗಿ ಅವಳು ಅಳಲಿಲ್ಲ, ಕ್ಷಮಿಸಲೂ ಇಲ್ಲ. ಸಿಟ್ಟು ಹೋಗಿಲ್ಲವೆಂದು ಅಜ್ಜನವರ ಪಾದಕ್ಕೆ ಬಿದ್ದು ಹೇಳಿದಾಗ, ಇರಲಿ ಬಿಡು ತಾಯಿ ಎಂದರು ಆ ಕರುಣಾಮೂರ್ತಿಗಳು.

ದೂರ ನಿಂತ ಜನರನ್ನು ಮಾತ್ರ ಅವಳು ಮತ್ತೆಂದೂ ಬೈಯಲಿಲ್ಲ. ಆ ಬಾಗಿಲಲ್ಲಿ ತಾನು ನಿಂತಿದ್ದ ಹೊತ್ತನ್ನು ಸಾಯುವವರೆಗೆ ಅವಳು ಮರೆಯಲಿಲ್ಲ.