ವೈವಾದಲ್ಲಿ ಎರಡು ಸೆಕೆಂಡು

ಹಳ್ಳಿ ಶಾಲೆಯ ಪುಷ್ಪಾವತಿ ಟೀಚರು ಆರು ವರ್ಷ ಒದ್ದಾಡಿ, ಪಠ್ಯಕ್ರಮ ಮತ್ತು ಬೋಧನೆಯಲ್ಲಿ ಪಿಎಚ್.ಡಿ. ಪ್ರಬಂಧ ಬರೆದಿದ್ದರು. ವಿಷಯ ಇಷ್ಟೇ: ಮೇಷ್ಟ್ರುಗಳು ಪ್ರಶ್ನೆ ಕೇಳುತ್ತಾರೆ, ಮಕ್ಕಳು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ.

ವೈವಾ, ಅಂದರೆ ಮೌಖಿಕ ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರಾಗಿ ಬಂದ ಪ್ರೊಫೆಸರ್ ವಿರೂಪಾಕ್ಷಯ್ಯನವರು ಕನ್ನಡಕ ಏರಿಸಿಕೊಂಡು, "ಪಠ್ಯಕ್ರಮ ಅಂದರೇನಮ್ಮ?" ಅಂದರು. ಟೀಚರು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಪ್ರೊಫೆಸರು ತಾವೇ ಉತ್ತರ ಶುರುಮಾಡಿ ಐದು ನಿಮಿಷ ಹೇಳಿದರು. ಎರಡನೆಯ ಪ್ರಶ್ನೆಗೂ ಅದೇ ಕಥೆ. ಟೀಚರು ಚೀಲದಿಂದ ಒಂದು ಹಾಳೆ ತೆಗೆದು, ಏನೋ ಗೆರೆ ಎಳೆಯುತ್ತ ಕೂತರು.

ಉಳಿದ ಪ್ರಶ್ನೆಗಳೂ ಹಾಗೇ ಮುಗಿದ ಮೇಲೆ ಪ್ರೊಫೆಸರು ಗುಡುಗಿದರು: "ಒಂದಕ್ಕೂ ಉತ್ತರ ಕೊಡಲಿಲ್ಲ ನೀವು. ಹೀಗಾದರೆ ಡಿಗ್ರಿ ಸಿಗಲ್ಲ. ಮೇಷ್ಟ್ರುಗಳು ಹಾಗೆ ಮಾಡ್ತಾರೆ ಅನ್ನೋದಕ್ಕೆ ಪುರಾವೆಯಾದರೂ ತೋರಿಸಿ!"

ಟೀಚರು ಹಾಳೆ ಮುಂದಿಟ್ಟರು. "ನಲವತ್ತು ಶಾಲೆಗಳಲ್ಲಿ ಕೂತು ತುಂಬಿದ್ದು ಇದೇ ನಮೂನೆ ಸರ್, ಮೇಷ್ಟ್ರು ತಾವೇ ಉತ್ತರಿಸಿದ ಪ್ರಶ್ನೆಗೊಂದು ಗೆರೆ. ಇವತ್ತು ನೀವು ಕೇಳಿದ್ದು ಹನ್ನೊಂದು ಪ್ರಶ್ನೆ. ಒಂದೊಂದರ ಉತ್ತರಕ್ಕೆ ನನಗೆ ಸಿಕ್ಕಿದ್ದು ಹೆಚ್ಚೆಂದರೆ ಎರಡು ಸೆಕೆಂಡು."

ಪ್ರೊಫೆಸರ ಕಿವಿ ಕೆಂಪಾಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು, ಪಾಸು ಅಂತ ಸಹಿ ಹಾಕಿದರು. "ಇದನ್ನೂ ಪ್ರಬಂಧಕ್ಕೆ ಸೇರಿಸ್ತೀರೇನಮ್ಮ?" ಅಂದರು. ಟೀಚರು ಬಾಯಿ ತೆರೆಯುವಷ್ಟರಲ್ಲಿ, "ಸೇರಿಸಬೇಡಿ!" ಅಂತ ತಾವೇ ಹೇಳಿದರು.

ಟೀಚರು ನಗುತ್ತ ಹನ್ನೆರಡನೆಯ ಗೆರೆ ಎಳೆದರು.