ಬಣ್ಣಗಾರ ಸಂಕಪ್ಪನ ಬಿಳಿ ಹಿತ್ತಿಲು

ಇದು ಪೇಟೆಯ ಕೋಟೆಬಾಗಿಲನ್ನು ಹೊತ್ತು ಮುಳುಗಿದೊಡನೆ ಮುಚ್ಚುತ್ತಿದ್ದ ಕಾಲದ್ದು. ಆ ಪೇಟೆಯ ನೇಕಾರರ ಓಣಿಯಲ್ಲಿ ಸಂಕಪ್ಪನೆಂಬ ಬಣ್ಣಗಾರನಿದ್ದನಂತೆ. ಅವನು ಅದ್ದಿದ ಕೆಂಪು ಮೂರು ತಲೆಮಾರು ಉಟ್ಟರೂ ಮಾಸುತ್ತಿರಲಿಲ್ಲ ಅಂತಾರೆ. ಅವನು ನೂಲು ಒಣಹಾಕಿದ ದಿನ ಗೂಳಿಗಳು ಬೇರೆ ಓಣಿ ಹಿಡಿಯುತ್ತಿದ್ದವು ಅಂತಲೂ ಅಂತಾರೆ.

ಅವನಿಗೆ ಒಬ್ಬಳೇ ಮಗಳು, ತುಂಗವ್ವ. ತಾಯಿ ಇರಲಿಲ್ಲ. ಹುಟ್ಟಿದಂದಿನಿಂದ ಬಿಸಿಲಿಗೆ ಕಣ್ಣು ಬಿಡಲಾರಳು, ಬಣ್ಣಗಳ ಗುರುತೂ ಇಲ್ಲ. ಹನ್ನೆರಡು ವರ್ಷ ಕತ್ತಲ ಕೋಣೆಯಲ್ಲೇ ನೂಲು ಸುತ್ತಿದಳಂತೆ, ಹಾಡಿದಳಂತೆ, ಹೊಸ್ತಿಲು ಮಾತ್ರ ದಾಟಲಿಲ್ಲವಂತೆ. ಹೊತ್ತು ಮುಳುಗಿದ ಮೇಲೆ ಕರೆದರೂ, "ಹೊರಗ ಉರಿ ಬಿಟ್ಟರ ಏನೈತಪ್ಪಾ?" ಅನ್ನುವಳು. ಬರಬರುತ್ತ ಹಾಡು ನಿಂತಿತು. ಊಟವೂ ಕಡಿಮೆಯಾಯಿತು. ಹೊರಗೆ ತರದಿದ್ದರೆ ಮಗಳು ಉಳಿಯುವುದಿಲ್ಲವೆಂದು ಸಂಕಪ್ಪನಿಗೆ ತಿಳಿಯಿತು.

ಹಿತ್ತಿಲಲ್ಲಿ ಹೂದೋಟ ಮಾಡಿದ. ಬಣ್ಣಗಾರನಲ್ಲವೇ, ಕೆಂಪು ಕಣಗಿಲೆ, ಕೆಂಪು ಗುಲಾಬಿ, ಕೋಳಿಜುಟ್ಟು, ಎಲ್ಲ ಕೆಂಪೇ. ಹುಣ್ಣಿಮೆಯ ರಾತ್ರಿ ಮಗಳನ್ನು ಎತ್ತಿಕೊಂಡೇ ಬಂದ.

"ಹೂವ ಎಲ್ಲದಾವ?" ಅಂದಳಂತೆ.

ತೋರಿಸಲು ಬಗ್ಗಿದ. ಅವನ ಕಣ್ಣಿಗೂ ಕಾಣಲಿಲ್ಲ. ಆ ಬೆಳಕಿನಲ್ಲಿ ಅವನ ಕೆಂಪು ಇದ್ದಿಲಿನಂತಿತ್ತು. ತುಂಗವ್ವ ತಿರುಗಿ ಒಳಗೆ ಹೋದಳು.

ಸಂಕಪ್ಪನಿಗೆ ದುಃಖಕ್ಕಿಂತ ಮೊದಲು ಕುತೂಹಲ ಹುಟ್ಟಿತಂತೆ. ಮರುದಿನ ತಾನು ಅದ್ದಿದ ಎಲ್ಲ ಬಣ್ಣದ ನೂಲಿನ ಲಡಿಗಳನ್ನು ಹಗ್ಗಕ್ಕೆ ಸಾಲಾಗಿ ಇಳಿಬಿಟ್ಟು ಚಂದ್ರನಿಗಾಗಿ ಕಾದ. ಕೆಂಪು ಮೊದಲು ಮುಳುಗಿತು. ನೀಲಿ ಕಪ್ಪಾಯಿತು. ಅರಿಶಿನ ಬೂದಿಯಾಯಿತು. ಏನೂ ಅದ್ದದ ಬರಿಯ ನೂಲು ಮಾತ್ರ ಹೊಳೆಯಿತು. ಅದರ ಮರುದಿನವೂ ನೋಡಿದ. ಹಾಗೇ ಇತ್ತು.

ಆಮೇಲೆ ಪ್ರತಿ ಹುಣ್ಣಿಮೆಗೂ ಬೆಳಕು ಬಿದ್ದ ಕಡೆ ಗೂಟ ಹೊಡೆಯತೊಡಗಿದ. ಪಕ್ಕದ ಮಗ್ಗದ ರುದ್ರವ್ವ ಗೋಡೆಯ ಮೇಲಿಂದ ಇಣುಕಿದಳು. "ಯಾಕಣ್ಣಾ, ಚಂದ್ರನ್ನ ಕಟ್ಟಿಹಾಕತೀಯೇನು?"

"ಕಟ್ಟೂದಿಲ್ಲವ್ವಾ, ಎಲ್ಲಿ ಮೇಯತಾನ ನೋಡತೀನಿ."

ಚಳಿಗಾಲದ ಚಂದ್ರ ನೆತ್ತಿಯ ಮೇಲೆ ಬಂದು ತೆಂಕಣ ಗೋಡೆಯ ಬುಡದವರೆಗೂ ಬೆಳಕು ಚೆಲ್ಲಿದ. ಬೇಸಿಗೆಯವನು ತೆಂಕಲಿಗೆ ವಾಲಿದ, ಗೋಡೆಯ ನೆರಳು ಅಷ್ಟು ಜಾಗ ನುಂಗಿತು. ಮಳೆಗಾಲದ ಎರಡು ಹುಣ್ಣಿಮೆ ಮೋಡದ ಪಾಲಾದವು. ಆ ಎರಡಕ್ಕೆ ಊಹಿಸಿ ಗೂಟ ಹೊಡೆಯಲಿಲ್ಲವಂತೆ, ಬರುವ ವರ್ಷಕ್ಕೆ ಕಾದನಂತೆ.

ಆ ಎರಡು ಗೂಟವೂ ಬೀಳುವಷ್ಟರಲ್ಲಿ ತುಂಗವ್ವ ಬರೀ ಗಂಜಿಗೆ ಇಳಿದಿದ್ದಳು. ಕೆಂಪು ಗಿಡಗಳನ್ನೆಲ್ಲ ಕಿತ್ತ. ವರ್ಷವೆಲ್ಲ ಬೆಳಕು ತಪ್ಪದ ಜಾಗದಲ್ಲಿ ಬಿಳಿ ಸಂಜೆಮಲ್ಲಿಗೆ, ಸುಗಂಧರಾಜ ನೆಟ್ಟ. ಅಂಚಿಗೊಂದು ಪಾರಿಜಾತ. ಎಲ್ಲವೂ ಹೊತ್ತು ಇಳಿದ ಮೇಲೆ ಅರಳುವಂಥವು.

ಅವು ಹೂಬಿಟ್ಟ ಹುಣ್ಣಿಮೆಗೆ ಸಂಕಪ್ಪ ಮಗಳನ್ನು ಕರೆಯಲಿಲ್ಲ. ಬಾಗಿಲು ತೆರೆದಿಟ್ಟು ಹಿತ್ತಿಲಲ್ಲಿ ಕೂತ. ಪರಿಮಳ ಒಳಗೆ ಹೋಯಿತು. ಬಹಳ ಹೊತ್ತಿನ ಮೇಲೆ ತುಂಗವ್ವ ಹೊಸ್ತಿಲ ಬಳಿ ಬಂದಳು, ನಿಂತಳು, ದಾಟಿದಳು. ಅವಳ ಕಣ್ಣು ಪೂರ್ತಿ ತೆರೆದಿದ್ದನ್ನು ಸಂಕಪ್ಪ ಅಂದೇ ಮೊದಲು ಕಂಡಿದ್ದು.

"ಅಪ್ಪಾ, ಅಲ್ಲಿ ಮೂಲ್ಯಾಗ ಒಂದು ಮೊಗ್ಗಿ ಬಾಯಿ ಬಿಡಾಕತ್ತೈತಿ ನೋಡು."

ಸಂಕಪ್ಪ ನೋಡಿದ. ಅವನಿಗೆ ಮೂಲೆಯಲ್ಲಿ ಬರೀ ಕತ್ತಲು.

"ಕಾಣವಲ್ದಲ್ಲ ಮಗಳ."

"ಹಂಗಾರ ಕೈ ಹಿಡಿ," ಅಂದು ತುಂಗವ್ವ ಮುಂದೆ ನಡೆದಳಂತೆ. ಒಂದು ಗೂಟವನ್ನೂ ಎಡವಲಿಲ್ಲವಂತೆ. ಆ ನಸುಕಿಗೆ ಓಣಿಯವರೆಲ್ಲ ಅವಳ ಹಾಡು ಕೇಳಿದರು ಅಂತಾರೆ.

ಈಗ ಕೋಟೆಯಿಲ್ಲ, ಪೇಟೆ ಊರಗಲ ಬೆಳೆದಿದೆ. ಆದರೂ ಹುಣ್ಣಿಮೆಗೆ ಆ ಓಣಿಯವರು ಊಟವಾದ ಮೇಲೆ ದೀಪ ಆರಿಸುತ್ತಾರೆ. ಮನೆಯ ಕಿರಿಯರು ಮುಂದೆ, ಹಿರಿಯರು ಅವರ ಕೈ ಹಿಡಿದು ಹಿಂದೆ, ಹಿತ್ತಿಲು ಸುತ್ತಿ ಬರುತ್ತಾರೆ. ಓಣಿಯಲ್ಲಿ ನಲವತ್ತೊಂದು ಮನೆ. ಹೋದ ಹುಣ್ಣಿಮೆಗೆ ದೀಪ ಆರಿಸಿದವು ಇಪ್ಪತ್ತಾರು.