ಬಂದರಿನ ಕಂಬ

ವಸಂತದಲ್ಲಿ ವೋಲ್ಗಾ ನದಿಯ ಮಂಜುಗಡ್ಡೆ ಒಡೆದು ಅಸ್ತ್ರಖಾನ್ ಬಂದರಿನತ್ತ ನುಗ್ಗುತ್ತಿತ್ತು. ದಡದಲ್ಲಿ ನೆಟ್ಟಿದ್ದ ಕಂಬ, ತನ್ನ ಕೊರಳಿಗೆ ಬಿಗಿದಿದ್ದ ಹಡಗಿನ ಹಗ್ಗಗಳ ಮೇಲೆ ರೇಗಿತು:

“ಒಂದು ಪರ್ಷಿಯಾದವನದು, ಒಂದು ಅರ್ಮೇನಿಯಾದವನದು, ಇನ್ನೊಂದು ಹಿಂದೂಸ್ತಾನದ ಶೆಟ್ಟಿಯದು! ಬಿಡಿ ನನ್ನನ್ನು, ಪರದೇಶಿಗಳೇ. ಈ ನೆಲದಲ್ಲಿ ಬೇರು ಬಿಟ್ಟವನು ನಾನೊಬ್ಬನೇ.”

“ಮಂಜುಗಡ್ಡೆ ಹತ್ತಿರ ಬಂತು, ಕಂಬರಾಯರೇ. ಜಗಳ ಆಮೇಲೆ,” ಎಂದಿತು ಪರ್ಷಿಯಾದ ಹಗ್ಗ.

“ಬಿಡು ಅಂದರೆ ಬಿಡು!”

ಗಡ್ಡೆ ಬಡಿಯಿತು. ಕಂಬ ಬುಡಸಮೇತ ಕಿತ್ತುಬಂದು ನೀರಿಗೆ ಉರುಳಿತು. ಹಡಗುಗಳು ಲಂಗರಿನ ಬಲದಲ್ಲಿ ನಿಂತವು. ಹಗ್ಗಗಳು ಕಂಬವನ್ನು ಕೊಚ್ಚಿಹೋಗಲು ಬಿಡಲಿಲ್ಲ. ಇಷ್ಟು ದಿನ ಕೆಸರಿನಲ್ಲಿ ಹುದುಗಿದ್ದ ಬುಡ ಮೇಲೆ ಬಂತು. ಅಲ್ಲಿ ಬೇರಿರಲಿಲ್ಲ. ಕೊಡಲಿಯೇಟಿನ ಗುರುತಿತ್ತು, ದೂರದ ಉತ್ತರದ ಕಾಡಿನಲ್ಲಿ ಮರ ಕಡಿದವರು ಒತ್ತಿದ ಮುದ್ರೆಯಿತ್ತು. ಕಂಬವೂ ಇದೇ ಹೊಳೆಯಲ್ಲಿ ತೇಲಿಬಂದ ದಿಮ್ಮಿ.

ಪರ್ಷಿಯಾದ ಹಗ್ಗ ಕೇಳಿತು: “ಈಗ ಹೇಳಿ, ಬಿಡಲೇ?”